ಕತ್ತೆಯ ಕಥೆಯ ಕೊನೆಯ ಅಧ್ಯಾಯ

ನಿನ್ನೆ ಕಪಾಟು ಒರೆಸುವಾಗ ಹಳೆಯ ಕಥೆಪುಸ್ತಕವೊಂದು ಕೈಗೆ ಬಂತು. ಬೆನ್ನಿಗೆ ಹಸಿರು ನೂಲಿನ ದಪ್ಪ ಹೊಲಿಗೆ. ಸೀರೆಯ ಅಂಚಿಗೆ ಒಪ್ಪುವಂಥದ್ದು, ಪುಸ್ತಕಕ್ಕಲ್ಲ. ನೋಡಿದ್ದೇ ತಡ, ನಗು ಉಕ್ಕಿ ಬಂತು. ಒಬ್ಬಳೇ ಕೂತು ಹೀಗೆ ನಕ್ಕರೆ ಮನೆಯವರು ಏನೆಂದುಕೊಂಡಾರು? ನಿಮಗಾದರೂ ಹೇಳಿಬಿಡುತ್ತೇನೆ.

ಆ ವರ್ಷ ಕೃಷ್ಣೆ ಉಕ್ಕಿ, ಜಮಖಂಡಿ ಕಡೆಯ ನಮ್ಮ ಹೊಳೆದಂಡೆಯ ಶಾಲೆ ಗಂಜಿ ಕೇಂದ್ರವಾಯಿತು. ಮಕ್ಕಳು ಮಹಾಲಿಂಗಪುರ, ಮುಧೋಳ, ಬೀಳಗಿ ಎಂದು ನೆಂಟರ ಮನೆಗಳಿಗೆ ಚದುರಿದರು. ಫೋನಿನಲ್ಲೇ ಪಾಠ ನಡೆಸುವ ಹುಮ್ಮಸ್ಸು ನನಗೆ. ಹೊರಟವರ ಕೈಗೆಲ್ಲ ಒಂದೊಂದು ಪುಸ್ತಕ ಕೊಟ್ಟು, "ಓದಿ ನನಗ ಫೋನ್ ಮಾಡಿ ಹೇಳ್ರಿ" ಎಂದಿದ್ದೆ. ಬಂದದ್ದು ಬರೀ ಮಿಸ್ಡ್ ಕಾಲ್. ನಾನೇ ತಿರುಗಿ ಮಾಡಿದರೆ, "ಓದೀನ್ರಿ ಟೀಚರ್, ಛಲೋ ಐತ್ರಿ." ಪುಸ್ತಕ ಬೇರೆ ಬೇರೆ, ಉತ್ತರ ಮಾತ್ರ ಒಂದೇ.

ಆಗ ನನಗೊಂದು ಹುಚ್ಚು ಉಪಾಯ ಹೊಳೆಯಿತು. ಬೆಲ್ಲದ ಮೂಟೆ ಹೊತ್ತು ಸಾವಕಾರನಿಂದ ಓಡಿಹೋಗುವ ಕತ್ತೆಯ ಕಥೆಯೊಂದಿತ್ತು. ಆ ಪುಸ್ತಕದ ಹೊಲಿಗೆ ಬಿಚ್ಚಿ, ಒಬ್ಬೊಬ್ಬರಿಗೆ ಒಂದೊಂದು ಅಧ್ಯಾಯದಂತೆ ಬಸ್ ಕಂಡಕ್ಟರರ ಕೈಯಲ್ಲಿ ಊರೂರಿಗೆ ಕಳಿಸಿದೆ. ಮುಂದೇನಾಯಿತೆಂದು ತಿಳಿಯಬೇಕೆ? ಜೊತೆಗಿಟ್ಟ ಪಟ್ಟಿ ನೋಡಿ, ಮುಂದಿನ ಅಧ್ಯಾಯ ಇರುವವರಿಗೆ ಫೋನ್ ಮಾಡಬೇಕು. ಇಷ್ಟೆಲ್ಲ ಮಾಡಿದ ನಾನೇ ಆ ಪುಸ್ತಕವನ್ನು ಪೂರ್ತಿ ಓದಿರಲಿಲ್ಲ ಎಂಬುದು ಬೇರೆ ಮಾತು.

ಕೊನೆಯ ಅಧ್ಯಾಯವನ್ನು ಬೇಕೆಂದೇ ಕಸ್ತೂರಿಗೆ ಕಳಿಸಿದೆ. ಹಾಜರಿಗೂ ಬಾಯಿ ಬಿಡದೆ ಕೈ ಎತ್ತುವ ಹುಡುಗಿ. ಅವಳಿದ್ದದ್ದು ಬನಹಟ್ಟಿಯ ಸೋದರಮಾವನ ಮನೆಯಲ್ಲಿ. ಪವರ್ ಮಗ್ಗಗಳ ಮಾಲೀಕನಾದ ಅವನು ಆಗಲೇ ನನಗೆ ಹೇಳಿದ್ದ: "ಮಾತಾಡದ ಹುಡುಗಿಗೆ ಸಾಲಿ ಯಾಕ್ರಿ? ಇಲ್ಲೇ ಕಂಡಿಕಿ ಸುತ್ತಕೊಂತ ಇರ್ಲಿ." ಕಂಡಿಕೆಗೆ ನೂಲು ಸುತ್ತುತ್ತ ಅವಳು ಅಲ್ಲೇ ಉಳಿದುಬಿಟ್ಟರೆ ಎಂಬ ಭಯ ನನಗೆ ನಿಜಕ್ಕೂ ಇತ್ತು.

ಸ್ವಲ್ಪ ದಿನಕ್ಕೆ ಮಾವನ ಫೋನು. "ಏನ್ ಹಚ್ಚೀರಿ ಟೀಚರ್ ಇದು? ಮುಂಜಾನಿಂದ ಹುಡುಗೂರು ಫೋನ್ ಮಾಡಾಕತ್ತಾವು, ಕತ್ತಿ ಏನಾತು, ಕತ್ತಿ ಏನಾತು ಅಂತ!" ತಡೆಯಲಾಗದೆ ಬಸ್ಸು ಹತ್ತಿದೆ.

ಮಗ್ಗಗಳ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳದು. ಕಸ್ತೂರಿ ಮಾವನ ಮೊಬೈಲ್ ಹಿಡಿದು ಪಿಸುಗುಡುತ್ತಿದ್ದಳು. ಆ ಕಡೆಯವರಿಗೆ ಕೇಳಿಸಿರಲಿಕ್ಕಿಲ್ಲ. ಕಣ್ಣು ಮುಚ್ಚಿ ಒಮ್ಮೆಲೇ ಕೂಗಿದಳು: "ಕತ್ತಿ ಸಾವಕಾರನ್ನ ಗಾಣಕ್ಕ ಕಟ್ಟಿತಲೇ! ತಿರಗ್ರಿ ಸಾವಕಾರ್ರ, ತಿರಗ್ರಿ ಅಂತು!"

ನೇಯುವವರೆಲ್ಲ ತಮ್ಮ ಸಾವಕಾರನ ಮುಖ ನೋಡಿದರು. ಒಂದು ಮಗ್ಗ ನಿಂತಿತು, ಇನ್ನೊಂದು ನಿಂತಿತು. "ಆಮ್ಯಾಲ ಏನಾತವ್ವಾ?" ಎಂದಿತು ಹಿಂದಿನಿಂದೊಂದು ದನಿ. ಫೋನಿನಲ್ಲಿ ಗೆಳೆಯರಿಂದ ಕೇಳಿಕೊಂಡಿದ್ದ ಕಥೆಯನ್ನು ಕಸ್ತೂರಿ ಅವರಿಗೆಲ್ಲ ಮೊದಲಿನಿಂದ ಹೇಳತೊಡಗಿದಳು. ಮಾವ ನನಗೆ ಕೈ ಮುಗಿದ. "ಈಕಿನ್ನ ಸಾಲಿಗೆ ಕರಕೊಂಡು ಹೋಗ್ರಿ. ನನ್ನ ಮಗ್ಗ ಬಂದ್ ಬೀಳಾಕತ್ತಾವು." ಹೇಳುತ್ತ ಅವನೂ ನಗುತ್ತಿದ್ದ.

ಶಾಲೆ ತೆರೆದ ದಿನ ಕಸ್ತೂರಿ ಬಂದಳು. ಎಲ್ಲರ ಅಧ್ಯಾಯ ಕೂಡಿಸಿ, ಮಾವನ ನೂಲಿನಿಂದಲೇ ಪುಸ್ತಕ ಹೊಲಿದು ಕೊಟ್ಟಳು.

ನಿನ್ನೆ ಮೊದಲ ಬಾರಿಗೆ ಆ ಕೊನೆಯ ಅಧ್ಯಾಯ ಓದಿದೆ. ಗಾಣವೂ ಇಲ್ಲ, ಗೀಣವೂ ಇಲ್ಲ! ಕತ್ತೆ ತಲೆ ತಗ್ಗಿಸಿ ಸಾವಕಾರನ ಮನೆಗೆ ಮರಳುತ್ತದೆ, ಅಷ್ಟೇ. ಈಗ ಜಮಖಂಡಿಯಲ್ಲಿ ಕಾಲೇಜು ಓದುತ್ತಿರುವ ಕಸ್ತೂರಿಗೆ ಕೂಡಲೇ ಫೋನ್ ಮಾಡಿದೆ.

"ಅದು ಛಲೋ ಇರಲಿಲ್ರಿ ಟೀಚರ್. ಅಷ್ಟು ಮಂದಿ ಕಾಯಾಕತ್ತಿದ್ರು, ಅದನ್ನ ಹೆಂಗ ಹೇಳ್ಲಿ?"

ಕತ್ತರಿ ತಂದು ಹಸಿರು ನೂಲು ಕತ್ತರಿಸಿ, ಕೊನೆಯ ಅಧ್ಯಾಯವನ್ನು ಕಪಾಟಿನಲ್ಲೇ ಇಟ್ಟೆ. ಉಳಿದದ್ದನ್ನು ನಾಳೆ ತರಗತಿಗೆ ಒಯ್ಯುತ್ತೇನೆ.