ಮೈಮುನಾಬಿಯ ನೀರ್ತಿಗಣೆಗಳು

ಹಾರುವ ಹುಳದ ಬಲವೆಲ್ಲ ರೆಕ್ಕೆಯಲ್ಲೇ ಇರುತ್ತದೆಂದು ಕಿರಣಕುಮಾರ ನಂಬಿದ್ದ. ರಾಣೆಬೆನ್ನೂರಿನ ಕಾಲೇಜೊಂದರ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ಅವನದು ಹಂಗಾಮಿ ನೌಕರಿ. ಹಾರುವ ಸ್ನಾಯು ಬಿಡಿಸಿಡು ಎಂದು ಪ್ರಭುಲಿಂಗಪ್ಪ ಸರ್ ಹೇಳಿ ಹೋದರೆ, ಈ ಮಹಾಶಯ ಕೆರೆಯಲ್ಲಿ ಸಿಗುವ ನೀರ್ತಿಗಣೆ ಎಂಬ ದೊಡ್ಡ ಹುಳಗಳಲ್ಲಿ ಇಪ್ಪತ್ತರ ರೆಕ್ಕೆ ಕತ್ತರಿಸಿ, ಜೋಡಿ ಮಾಡಿ, ಚೀಟಿ ಅಂಟಿಸಿ, ಎದೆಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿದ. ಚೀಟಿಯ ಅಕ್ಷರಗಳು ಮಾತ್ರ ದುಂಡಗಿದ್ದವು.

ಸರ್ ಬೈಯಲಿಲ್ಲ, ಭಯ ಹುಟ್ಟಿಸಿದ್ದೇ ಅದು. ರೆಕ್ಕೆ ಬರೀ ಹಾಳೆ, ಬಡಿಯುವ ಸ್ನಾಯು ಇರುವುದು ಎದೆಯೊಳಗೆ ಎಂದರು. ಆ ಸ್ನಾಯುವಿನ ಎಳೆಗಳನ್ನು ಬಿಗಿದು ಹಿಡಿದಿರುವ ಪ್ರೋಟೀನಿನ ಹುರಿಗಳಿವೆ. ಜಗ್ಗಿದರೆ ಸ್ಪ್ರಿಂಗಿನಂತೆ ಬಿಗಿಯುತ್ತವೆ, ಆ ಬಿಗುವಿಗೇ ಸ್ನಾಯು ಮತ್ತೆ ಜಗ್ಗುತ್ತದೆ. ಪ್ರತಿ ಬಡಿತಕ್ಕೂ ಮಿದುಳಿನ ಅಪ್ಪಣೆ ಬೇಕಿಲ್ಲ. ಸರ್ ಸಂಶೋಧನೆಯೆಲ್ಲ ಆ ಹುರಿಯ ಮೇಲೆ. ಹುಳ ಸತ್ತು ಹೊತ್ತಾದರೆ ಹುರಿ ತುಂಡಾಗುತ್ತದೆ. ಸೋಮವಾರದೊಳಗೆ ಇಪ್ಪತ್ತು ಜೀವಂತ ಹುಳ ಬಂದರೆ ನೌಕರಿಯ ಮಾತು, ಇಲ್ಲದಿದ್ದರೆ ಇಲ್ಲ ಎಂದರು.

ಕಿರಣಕುಮಾರ ಹಾವೇರಿಗೆ ಓಡಿದ. ಮೊದಲಿನ ಹುಳಗಳನ್ನು ಕೊಟ್ಟದ್ದು ಹೆಗ್ಗೇರಿ ಕೆರೆಯ ಮೈಮುನಾಬಿ. ಗಂಡ ಸತ್ತ ಮೇಲೆ ತೆಪ್ಪವನ್ನು ಮೈದುನರಿಗೆ ಬಿಡದೆ ತಾನೇ ಹುಟ್ಟು ಹಿಡಿದವಳು. ಬಲೆ ಬೀಸಿ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಕಡೆ ಮೀನು ಮಾರುತ್ತಿದ್ದಳು. ಒಂದು ಕಡೆ ಕುಂತವಳಲ್ಲ. ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಹೋಗುವಳು, ಬಸ್ಸು ನಿಲ್ಲುವ ಮೊದಲೇ ಇಳಿಯುವಳು. ಮಗಳ ಮದುವೆಯನ್ನೂ ಮೀನು ಕೊಯ್ಯುತ್ತಲೇ ಗಟ್ಟಿ ಮಾಡಿದಳೆಂದು ಸಂತೆಯವರು ನಗುತ್ತಿದ್ದರು.

ಶನಿವಾರ ಆಕೆ ಮತ್ತೆ ಇಪ್ಪತ್ತು ಹುಳ ಕೊಡುತ್ತ, ಒಟ್ಟಿಗೆ ಇಡಬೇಡ, ಒಂದನ್ನೊಂದು ಹೀರಿಬಿಡುತ್ತವೆ ಎಂದು ಎಚ್ಚರಿಸಿದಳು. ಪ್ರಯೋಗಾಲಯಕ್ಕೆ ತಂದು ಬೇರೆ ಮಾಡಲು ಹೋದ ಕಿರಣಕುಮಾರನ ಬೆರಳನ್ನು ಒಂದು ಹುಳ ಕಚ್ಚಿ ಹಿಡಿಯಿತು. ಅಲ್ಲಿಗೆ ಅವನ ಧೈರ್ಯ ಮುಗಿಯಿತು. ಎಲ್ಲವನ್ನೂ ಒಂದೇ ಬಕೀಟಿನಲ್ಲಿ ಬಿಟ್ಟು ಮುಚ್ಚಳ ಹಾಕಿದ. ಭಾನುವಾರವಿಡೀ ವರಾಂಡದಲ್ಲಿ ಅಡ್ಡಾಡುತ್ತ, ಗಳಿಗೆಗೊಮ್ಮೆ ಕೋಲಿನಿಂದ ಮುಚ್ಚಳ ಸರಿಸಿ ನೋಡುತ್ತಿದ್ದ. ನೋಡಿದಾಗಲೆಲ್ಲ ಇನ್ನೊಂದು ಟೊಳ್ಳು ಚಿಪ್ಪು ತೇಲುತ್ತಿತ್ತು. ಸಂಜೆಗೆ ಉಳಿದದ್ದು ಎಂಟು.

ಮೈಮುನಾಬಿಯ ಮನೆ ಪಕ್ಕದ ಅಂಗಡಿಗೆ ಫೋನು ಮಾಡಿ ಆಕೆಯನ್ನು ಕರೆಸಿ, ಬೆಳಗಾಗುವುದರೊಳಗೆ ಇನ್ನೊಮ್ಮೆ ಇಪ್ಪತ್ತು ಹುಳ ಬೇಕೆಂದು ಗೋಗರೆದ. ಸರ್ ಮುಂದೆ ತನ್ನ ಪರವಾಗಿ ಒಂದು ಮಾತು ಆಡಬೇಕೆಂದೂ ಕೇಳಿಕೊಂಡ. ಆಕೆ ಹೂಂ ಅಂದಳು.

ಸೋಮವಾರ ಬೆಳಿಗ್ಗೆ ಬುಟ್ಟಿ ಹೊತ್ತು ಪ್ರಯೋಗಾಲಯಕ್ಕೇ ಬಂದಳು. ಒಳಗೆ ಇಪ್ಪತ್ತು ಖಾಲಿ ಎಣ್ಣೆಡಬ್ಬಿ. ಪ್ರತಿಯೊಂದಕ್ಕೂ ಮೊಳೆಯಿಂದ ತೂತು, ತಳದಲ್ಲಿ ಒದ್ದೆ ಪಾಚಿ, ಒಂದೊಂದೇ ಹುಳ. ಎಲ್ಲವೂ ಜೀವಂತ. ಸರ್ ಒಂದರ ಎದೆ ಬಿಡಿಸಿ, ಸ್ನಾಯುವಿನ ಎಳೆಗಳನ್ನು ಕೆಡದಂತೆ ಗ್ಲಿಸರಿನ್‌ಗೆ ಇಳಿಸಿ, ಕನ್ನಡಕ ತೆಗೆದರು. ಮೈಮುನಾಬಿಗೆ ಕುರ್ಚಿ ಹಾಕಿಸಿದರು. ಆಕೆ ಕೂರಲಿಲ್ಲ.

“ನಮಗ ಇನ್ನೂ ಒಂದು ವರ್ಷ ಹುಳ ಬೇಕು,” ಎಂದರು ಸರ್. “ಇವನ ಎದುರಿಗೇ ಕೇಳತೇನಿ, ಖರೇ ಹೇಳ್ರಿ. ಈ ಕೆಲಸಕ್ಕ ಇವನ್ನ ಇಟ್ಕೊಳ್ಳೋದೋ, ಬಿಡೋದೋ?”

ಕಿರಣಕುಮಾರ ಆಕೆಯ ಕಣ್ಣನ್ನೇ ನೋಡಿದ.

“ಬಿಡ್ರಿ,” ಅಂದಳು ಮೈಮುನಾಬಿ, ಖಾಲಿ ಬುಟ್ಟಿ ಎತ್ತಿಕೊಳ್ಳುತ್ತ. “ಹುಡುಗ ಛಲೋ ಅದಾನ, ಆದ್ರ ಹುಳಕ್ಕ ಅಂಜತಾನ. ಹುಳಾನ ಬೇಕಂದ್ರ ನನ್ನ ಇಟ್ಕೊಳ್ರಿ.”