ಜಡ್ಜ್ ಸ್ಟಾಲ್ನೇಕರ್ ಅವರ ಎಡಗೈ

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ, ಸಾಲುಗಳು ಮೇಲಕ್ಕೆ ಏರುತ್ತವೆ. ಹತ್ತನೆಯ ತರಗತಿಯ ಅರ್ಧಕ್ಕೇ ಶಾಲೆ ಬಿಟ್ಟವಳು, ಗೊತ್ತಿರುವ ಮಾತುಗಳೂ ಕಡಿಮೆ. ಊರಿನವರೊಬ್ಬರ ಬದುಕನ್ನು ಬರೆದುಕೊಡು ಎಂದು ಗ್ರಂಥಾಲಯದವರು ಕೇಳಿದ್ದರಿಂದ ಬರೆದಿದ್ದೇನೆ. ಇದರಲ್ಲಿ ಬರುವ ವಿಲ್ಮಾ ಟೀಟರ್ ನನ್ನ ಅಜ್ಜಿಯ ತಂಗಿ. ಅವಳು ಹೇಳಿದ್ದನ್ನೂ ಜಡ್ಜ್ ಸಾಹೇಬರು ಹೇಳಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿ, ಹೊಂದದೆ ಇದ್ದುದನ್ನು ಬಿಟ್ಟಿದ್ದೇನೆ.

ಆರ್ಡನ್ ಸ್ಟಾಲ್ನೇಕರ್ ಹುಟ್ಟಿದ್ದು ನಮ್ಮ ಹಳ್ಳದ ಮೇಲಿನ ಗಣಿ ಕಾಲೊನಿಯಲ್ಲಿ. ಅವರ ಅಪ್ಪ ಕಲ್ಲಿದ್ದಲು ಅಗೆಯುತ್ತಿರಲಿಲ್ಲ. ಕಂಪನಿಯ ತಕ್ಕಡಿಯ ಪಕ್ಕ ನಿಂತು ಅದರ ಮೇಲೆ ಕಣ್ಣಿಡುತ್ತಿದ್ದರು. ಅಗೆದ ತೂಕಕ್ಕೆ ತಕ್ಕಷ್ಟೇ ಕೂಲಿಯಾದ್ದರಿಂದ, ಕಂಪನಿ ತೂಕದಲ್ಲಿ ಮೋಸ ಮಾಡೀತೆಂದು ಗಣಿ ಕೆಲಸಗಾರರೇ ನೇಮಿಸಿಕೊಂಡಿದ್ದ ಮನುಷ್ಯ. ದಿನವಿಡೀ ಅನುಮಾನಪಡುವುದೇ ಅವರ ಕೆಲಸ. ಮನೆಗೆ ಬಂದ ಮೇಲೆ ಹೆಂಡತಿ ಬಡಿಸಿದ ಬೀನ್ಸನ್ನೂ ಒಮ್ಮೆ ಓರೆಗಣ್ಣಲ್ಲಿ ನೋಡಿಯೇ ತಿನ್ನುತ್ತಿದ್ದರಂತೆ.

ಮಗನಿಗೂ ಅದೇ ಕಣ್ಣು ಬಂತು. ಮಾರ್ಗನ್‌ಟೌನಿನಲ್ಲಿ ಕಾನೂನು ಓದಿ, ಜಿಲ್ಲೆಯ ಸರ್ಕಾರಿ ವಕೀಲರಾಗಿ, ಹನ್ನೊಂದು ವರ್ಷ ಫೆಡರಲ್ ಕೋರ್ಟಿನಲ್ಲಿ ಜಡ್ಜರಾಗಿ ವಿಚಾರಣೆ ನಡೆಸಿ, ಐವತ್ತೆರಡನೆಯ ವಯಸ್ಸಿಗೆ ಅದರ ಮೇಲಿನ ಮೇಲ್ಮನವಿ ಕೋರ್ಟಿಗೆ ಜಡ್ಜ್ ಆದರು. ದೇಶದ ಅಧ್ಯಕ್ಷರು ಹೆಸರಿಸಿದ್ದರು, ಸೆನೆಟ್ ಒಪ್ಪಿತ್ತು, ಬದುಕಿರುವ ತನಕದ ಹುದ್ದೆ. ಸುದ್ದಿ ಬಂದಾಗ ಅವರು ಮೊದಲು ಕೇಳಿದ್ದು, "ನನ್ನನ್ನೇ ಯಾಕೆ ಆರಿಸಿದ್ರು?"

ನಮ್ಮೂರಿನ ಅಂಚೆ ಕಚೇರಿಯ ಮೇಲಿನ ಮಹಡಿಯಲ್ಲಿ ಅವರ ಕಚೇರಿ. ಆರು ವಾರಕ್ಕೊಮ್ಮೆ ಬೆಟ್ಟ ಇಳಿದು, ಐದು ಗಂಟೆ ಕಾರು ಓಡಿಸಿಕೊಂಡು, ಕೋರ್ಟು ಕೂರುವ ನಗರಕ್ಕೆ ಹೋಗುತ್ತಿದ್ದರು. ವಕೀಲರ ಜೊತೆ ಒಂದೇ ಲಿಫ್ಟ್ ಹತ್ತುತ್ತಿರಲಿಲ್ಲ. ಆ ಕೋರ್ಟಿನಲ್ಲಿ ಹಳೆಯ ಪದ್ಧತಿಯೊಂದಿತ್ತು: ವಾದ ಮುಗಿದೊಡನೆ ಮೂವರು ಜಡ್ಜರೂ ಪೀಠದಿಂದ ಕೆಳಗಿಳಿದು ಎರಡೂ ಕಡೆಯ ವಕೀಲರ ಕೈಕುಲುಕಿ, ಆಮೇಲೆ ತಾವು ಮೂವರೇ ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು. ಯಾರು ಗೆದ್ದರು, ಯಾರು ಸೋತರು ಎನ್ನುವುದು ಅಲ್ಲಿ ತೀರ್ಮಾನವಾಗುತ್ತಿತ್ತು. ತೀರ್ಪು ಬರೆದು ಹೊರಬೀಳಲು ಮೂರು ನಾಲ್ಕು ತಿಂಗಳು ಬೇಕು. ಅಷ್ಟು ದಿನವೂ ಅದು ಗುಟ್ಟು.

ಜಡ್ಜರು ಬರೆದ ಕರಡನ್ನು ಟೈಪ್ ಮಾಡುತ್ತಿದ್ದವಳು ವಿಲ್ಮಾ. ಇಪ್ಪತ್ತಮೂರು ವರ್ಷದಿಂದ ಅವರ ಕಾರ್ಯದರ್ಶಿ. ಕರಡಿನ ಬೀರುವಿನ ಬೀಗದಕೈ ಇದ್ದದ್ದು ಅವರಿಬ್ಬರ ಬಳಿ ಮಾತ್ರ.

ಆ ವರ್ಷ ನಮ್ಮೂರಿನ ನೋವೆಲ್ಲಾ ಪ್ರಿಟ್‌ಳ ಕೇಸು ಬಂತು. ಗಂಡ ಗಣಿಯ ದೂಳಿನಿಂದ ಸತ್ತ, ಪರಿಹಾರದ ಹಣ ಕೊಡಿ ಎಂದು ಅವಳ ವಾದ, ಸಿಗರೇಟಿನಿಂದ ಎಂದು ಕಂಪನಿಯ ವಾದ. ಒಳಕೋಣೆಯಲ್ಲಿ ಮೂವರೂ ಕಂಪನಿಯ ಕಡೆಗೆ ಒಪ್ಪಿದರು. ಕರಡು ಬರೆಯುವ ಕೆಲಸ ಸ್ಟಾಲ್ನೇಕರ್ ಅವರ ಪಾಲಿಗೆ ಬಂತು.

ಒಂಬತ್ತು ದಿನದ ಮೇಲೆ ಅವರು ಕ್ಷೌರಕ್ಕೆ ಕೂತಿದ್ದರು. ಕ್ಷೌರದ ಡೋರ್ಸಿ ಶಾಲೆಯ ಗೆಳೆಯ.

"ಏನೋ ಆರ್ಡನ್, ನೋವೆಲ್ಲಾ ಸೋತ್ಲಂತಲ್ಲೋ?"

"ತೀರ್ಪೇ ಬಂದಿಲ್ಲ."

"ಬಂದ್ರೆಷ್ಟು ಬಿಟ್ರೆಷ್ಟು. ಅವಳ ವಕೀಲ ಆಗ್ಲೇ ಹೇಳ್ಬಿಟ್ನಂತೆ. ಮಾಡಿಗೆ ಹೊಸ ತಗಡು ಹಾಕೋಕೆ ಬರೋರಿಗೆ ಬೇಡ ಅಂದ್ಲಂತೆ. ಅಲ್ಲಾಡ್ಬೇಡ ಮಾರಾಯ, ಕಿವಿ ಹೋಗತ್ತೆ."

ಜಡ್ಜರು ಅರ್ಧ ಕ್ಷೌರಕ್ಕೇ ಎದ್ದರು. ಗುಟ್ಟು ಹೊರಬಿಟ್ಟವರು ಯಾರು? ಉಳಿದಿಬ್ಬರು ಜಡ್ಜರು ಬೇರೆ ರಾಜ್ಯದವರು. ತಮ್ಮ ಕೈಕೆಳಗಿನ ಇಬ್ಬರು ಸಹಾಯಕ ವಕೀಲರು ಹೊರಗಿನಿಂದ ಬಂದವರು, ಊರಿನಲ್ಲಿ ಯಾರ ಪರಿಚಯವೂ ಇಲ್ಲ. ಉಳಿದವಳು ವಿಲ್ಮಾ. ಚರ್ಚಿನಲ್ಲಿ ನೋವೆಲ್ಲಾಳ ಪಕ್ಕದಲ್ಲೇ ಕೂರುವವಳು.

ಅವರು ಏನನ್ನೂ ಕೇಳಲಿಲ್ಲ. ನೋವೆಲ್ಲಾ ಗೆದ್ದಳೆಂದು ಒಂದು ಸುಳ್ಳು ಕರಡು ಬರೆದು ವಿಲ್ಮಾಳ ಮೇಜಿನ ಮೇಲಿಟ್ಟರು. ಊರಿನ ಮಾತು ತಿರುಗುತ್ತದೋ ಎಂದು ಎರಡು ವಾರ ಕಾದರು. ಕಾಫಿಗೆ ಹೋದಲ್ಲಿ ಕಿವಿಗೊಟ್ಟರು. ಮಾತು ತಿರುಗಲಿಲ್ಲ. ಬೇರೆಯವರಾಗಿದ್ದರೆ ಇವಳಲ್ಲ ಎಂದು ಸಮಾಧಾನ ಪಡುತ್ತಿದ್ದರು. ಇವರು, ಉಪಾಯ ಅವಳಿಗೆ ತಿಳಿದುಹೋಗಿದೆ ಎಂದುಕೊಂಡರು. ಮರುದಿನ ಬೀಗದಕೈ ಕೇಳಿದರು.

"ಯಾಕೆ ಜಡ್ಜ್ ಸಾಹೇಬ್ರೇ?"

"ನನ್ನ ಹತ್ರ ಇರ್ಲಿ."

ವಿಲ್ಮಾ ಬೀಗದಕೈ ಮೇಜಿನ ಮೇಲಿಟ್ಟು, ಕಿಟಕಿಯಲ್ಲಿದ್ದ ತನ್ನ ಹೂಕುಂಡವನ್ನೂ ಎತ್ತಿಕೊಂಡು ಮನೆಗೆ ಹೋದಳು. ಮತ್ತೆ ಬರಲಿಲ್ಲ.

ಮೂರು ವಾರ ಅವರು ಎರಡು ಬೆರಳಿನಲ್ಲಿ ತಾವೇ ಟೈಪ್ ಮಾಡಿದರು. ಆಮೇಲೊಂದು ಭಾನುವಾರ ಅವಳ ಮನೆಗೆ ಹೋದರು. ವಿಲ್ಮಾ ಜಗಲಿಯಲ್ಲಿ ಕೂತು, ಒಣಗಿಸಲು ಹಸಿ ಬೀನ್ಸನ್ನು ಸೂಜಿದಾರದಲ್ಲಿ ಪೋಣಿಸುತ್ತಿದ್ದಳು.

"ಪ್ರಿಟ್ ಕೇಸಿನ ವಿಷಯ ಯಾರಿಗೆ ಹೇಳಿದ್ರಿ ವಿಲ್ಮಾ?"

ಸೂಜಿ ನಿಂತಿತು. "ಅದಕ್ಕಾ ಬೀಗದಕೈ ಕಿತ್ಕೊಂಡಿದ್ದು? ವಯಸ್ಸಾಯ್ತು ಅಂತ ಕಳಿಸ್ತಿದೀರಿ ಅನ್ಕೊಂಡೆ. ಒಂದು ಮಾತು ಕೇಳೋಕೆ ಬಾಯಿರ್ಲಿಲ್ವಾ?"

"ಯಾರಿಗೆ ಹೇಳಿದ್ರಿ?"

"ಹೇಳಿದ್ದು ನೀವು! ಕೆಳಗಿಳಿದು ಕೈಕುಲುಕ್ತೀರಲ್ಲ, ಗೆಲ್ಲೋರಿಗೆ ಬಲಗೈ ಒಂದೇ. ಸೋಲೋರ ಕೈಯನ್ನ ಎರಡೂ ಕೈಲಿ ಹಿಡ್ಕೋತೀರಿ. ವಕೀಲರೆಲ್ಲ ನಿಮ್ಮ ಎಡಗೈ ನೋಡ್ತಾ ನಿಂತಿರ್ತಾರೆ. ನಂಗೆ ಫೋನ್ ಮಾಡಿ ನಗೋದು ಹನ್ನೆರಡು ವರ್ಷ ಆಯ್ತು."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಬೇಕಂತಲೇ ಮಾಡ್ತೀರಿ ಅನ್ಕೊಂಡಿದ್ದೆ. ನಿಮ್ಮಲ್ಲಿ ನಾನು ಕಂಡ ಕರುಣೆ ಅದೊಂದೇ. ನಿಲ್ಸೋಕೆ ಮನಸ್ಸಾಗ್ಲಿಲ್ಲ."

ಅವರು ನಂಬಲಿಲ್ಲ. ಮುಂದಿನ ಸಲ ಕೋರ್ಟಿನಲ್ಲಿ ಕೆಳಗಿಳಿದು, ತಾವು ಸೋಲಿಸಲಿದ್ದ ವಕೀಲೆಯ ಮುಂದೆ ನಿಂತರು. ಎಡಗೈ ತಾನಾಗಿ ಮೇಲೇಳುತ್ತಿತ್ತು. ವಕೀಲೆ ಅದನ್ನೇ ನೋಡುತ್ತಿದ್ದಳು. ಅವರಿಗೆ ಅಪ್ಪನ ನೆನಪು ಬಂತು. ಒಬ್ಬನ ಕಲ್ಲಿದ್ದಲ ಗಾಡಿ ನಿಜವಾಗಿಯೇ ಕಡಿಮೆ ತೂಗಿದರೆ, ಅಪ್ಪ ಅವನ ಕೈಯನ್ನು ಹೀಗೆಯೇ ಎರಡೂ ಕೈಯಲ್ಲಿ ಹಿಡಿದು ಹೇಳುತ್ತಿದ್ದರು.

ಕಾರಿನಲ್ಲಿ ವಾಪಸು ಬರುವಾಗ ಇನ್ನೊಂದು ಹೊಳೆಯಿತು. ಕೈಕುಲುಕುವುದು ಒಳಕೋಣೆಗೆ ಹೋಗುವ ಮುಂಚೆ. ಅಂದರೆ ಉಳಿದಿಬ್ಬರ ಮಾತು ಕೇಳುವ ಮೊದಲೇ ತಾವು ತೀರ್ಮಾನಿಸಿರುತ್ತಿದ್ದರು. ಎಲ್ಲರನ್ನೂ ಅನುಮಾನಿಸಿದವರು ತಮ್ಮನ್ನೊಬ್ಬರನ್ನು ಬಿಟ್ಟಿದ್ದರು. ಪ್ರಿಟ್ ಕೇಸಿನ ಒಂಬೈನೂರು ಪುಟ ಮತ್ತೆ ಓದಿದರು. ಫಲಿತಾಂಶ ಬದಲಾಗಲಿಲ್ಲ. ಬದಲಾಯಿತೆಂದು ಬರೆದರೆ ಓದಲು ಚೆನ್ನಾಗಿರುತ್ತಿತ್ತು, ಆದರೆ ಬದಲಾಗಲಿಲ್ಲ.

ಆ ಶನಿವಾರ ಅವರು ಮತ್ತೆ ವಿಲ್ಮಾಳ ಜಗಲಿ ಹತ್ತಿದರು. ಸುಳ್ಳು ಕರಡಿನ ವಿಷಯವನ್ನೂ ಮುಚ್ಚಿಡದೆ ಹೇಳಿದರು.

"ತಪ್ಪಾಯ್ತು ವಿಲ್ಮಾ. ಬನ್ನಿ." ಬೀಗದಕೈಯನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದರು.

ವಿಲ್ಮಾ ಮುಟ್ಟಲಿಲ್ಲ. "ಒಂದು ಕೈಲಿ ಕೊಡಿ. ಎರಡು ಕೈಲಿ ಕೊಟ್ರೆ ನಾನು ಸೋತೆ ಅಂತ ಆಗತ್ತೆ."

ಅವರು ಎಡಗೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡರು. ಅವಳು ತೆಗೆದುಕೊಂಡಳು.

ಸೋಮವಾರ ಹೂಕುಂಡದ ಸಮೇತ ಕೆಲಸಕ್ಕೆ ಬಂದಳು. ಆದರೆ ಅಂದಿನಿಂದ ಅವರು ತಾವಾಗಿಯೇ ನಿವೃತ್ತರಾಗುವ ತನಕ, ಪ್ರತಿ ಕರಡನ್ನು ಟೈಪ್ ಮಾಡುವ ಮೊದಲು ಬಾಗಿಲಲ್ಲಿ ನಿಂತು, "ಇದು ನಿಜದ್ದಾ?" ಎಂದು ಕೇಳುತ್ತಿದ್ದಳು. ಅವರು ಪ್ರತಿ ಸಲವೂ ಹೌದೆಂದು ಉತ್ತರ ಕೊಡುತ್ತಿದ್ದರು.

ನಾಳೆ ಬೆಳಿಗ್ಗೆ ಇದನ್ನು ಜಡ್ಜ್ ಸಾಹೇಬರಿಗೆ ಓದಿ ಹೇಳುತ್ತೇನೆ. ಅವರು ತಪ್ಪೆಂದದ್ದನ್ನು ವಿಲ್ಮಾಳ ಬಳಿ ಇನ್ನೊಮ್ಮೆ ಕೇಳಿ, ತಿದ್ದಿ, ನೆಟ್ಟಗಿನ ಸಾಲಿನಲ್ಲಿ ಬರೆದು ಗ್ರಂಥಾಲಯಕ್ಕೆ ಕೊಡುತ್ತೇನೆ.