ಎರಡನೆಯ ಸಾಕ್ಷಿ

ನಮ್ಮ ಪೈನ್‌ಫೋರ್ಡಿನಲ್ಲಿ ಯುದ್ಧಕ್ಕೆ ಹೋಗಿ ಶೌರ್ಯಪದಕ ತಂದವನು ಒಬ್ಬನೇ, ಆರ್ವಿಲ್ ಟ್ಯಾಕೆಟ್. ಆ ಕಥೆಯನ್ನು ಸರಿಯಾಗಿ ಹೇಳಲು ಬಾರದವನೂ ಅವನೊಬ್ಬನೇ. ಮಿಕ್ಕವರೆಲ್ಲ ಕಣ್ಣಾರೆ ಕಂಡವರಂತೆ ಹೇಳುತ್ತಿದ್ದರು.

ಆರ್ವಿಲ್ ಲಾಳ ಕಟ್ಟುವವನ ಮಗ. ತಿಂಗಳಿಗೆ ಐವತ್ತು ಡಾಲರ್ ಹೆಚ್ಚು ಸಿಗುತ್ತದೆಂದು ಪ್ಯಾರಾಶೂಟ್ ಪಡೆ ಸೇರಿದ. ಫ್ರಾನ್ಸಿನ ನಾರ್ಮಂಡಿಯಲ್ಲಿ ಇಳಿಯಬೇಕಾದ ಹೊಲ ಬಿಟ್ಟು ಯಾರದೋ ಸೇಬಿನ ತೋಟದಲ್ಲಿ ಬಿದ್ದು ಕಾಲು ಮುರಿದುಕೊಂಡ. ಹಿಂದೆ ಸರಿಯಲು ಆಜ್ಞೆ ಬಂದಾಗ ಎಲ್ಲರೂ ಕಾಲಿಗೆ ಬುದ್ಧಿ ಹೇಳಿದರು. ಇವನ ಕಾಲು ಯಾರ ಬುದ್ಧಿಯನ್ನೂ ಕೇಳುವಂತಿರಲಿಲ್ಲ. ಗೋಡೆಯ ಮರೆಯಲ್ಲಿ ಬಿದ್ದುಕೊಂಡೇ, ಜೀವಭಯದಿಂದ, ಎದುರು ಬಂದವರ ಮೇಲೆ ಗುಂಡು ಹಾರಿಸಿದ. ಚರ್ಚಿನ ಗೋಪುರದಿಂದ ದುರ್ಬೀನಿನಲ್ಲಿ ನೋಡಿದ ಕ್ಯಾಪ್ಟನ್ನನೂ ಸಾರ್ಜೆಂಟನೂ ‘ಸ್ಥಾನ ಬಿಟ್ಟು ಕದಲಲಿಲ್ಲ’ ಎಂದು ಸಾಕ್ಷಿ ಬರೆದರು. ಬೆಳ್ಳಿ ನಕ್ಷತ್ರದ ಪದಕ ಬಂತು.

ಅವರು ಅಷ್ಟು ನೋಡುವಷ್ಟರಲ್ಲಿ ಅಲ್ಲಿ ಹೊಗೆ ಕವಿದಿತ್ತು; ಮುಂದಿನದು ಗೋಪುರಕ್ಕೆ ಕಾಣಲಿಲ್ಲ. ಗೆಳೆಯ ಡೆಲ್ಮರ್ ಸ್ಟ್ರೌಡ್ ತೆವಳಿಕೊಂಡು ವಾಪಸು ಬಂದು, ಆರ್ವಿಲ್‌ನನ್ನು ಚರಂಡಿಯವರೆಗೆ ಎಳೆದು ತಂದು, ಅಲ್ಲೇ ಗುಂಡು ತಗುಲಿ ಸತ್ತ. ಅದನ್ನು ಕಂಡವನು ಆರ್ವಿಲ್ ಒಬ್ಬನೇ. ಪದಕಕ್ಕೆ ಇಬ್ಬರು ಸಾಕ್ಷಿ ಬೇಕು. ಡೆಲ್ಮರನಿಗೂ ಪದಕ ಕೊಡಿಸಿ ಅವನ ತಾಯಿಯ ಕೈಗೆ ಇಡಬೇಕೆಂದು ಆರ್ವಿಲ್ ಹನ್ನೆರಡು ವರ್ಷ ಸೈನ್ಯಕ್ಕೆ ಅರ್ಜಿ ಬರೆದ. ಇನ್ನೊಬ್ಬ ಸಾಕ್ಷಿ ಸಿಗದಿದ್ದರೆ ಈ ವರ್ಷಾಂತ್ಯಕ್ಕೆ ಕಡತ ಮುಚ್ಚುತ್ತೇವೆಂದು ಉತ್ತರ ಬಂದಿತ್ತು.

ಹುತಾತ್ಮ ಯೋಧರ ದಿನದ ಬೆಳಿಗ್ಗೆ, ಮೆರವಣಿಗೆಗೆ ಮುಂಚೆ, ಆರ್ವಿಲ್ ಕ್ಷೌರಕ್ಕೆ ಕೂತ. ಕ್ಷೌರಿಕ ಹೋಬಾರ್ಟ್ ಯುದ್ಧಪೂರ್ತಿ ಕ್ಯಾನ್ಸಸ್ಸಿನ ಉಗ್ರಾಣದಲ್ಲಿ ಕಂಬಳಿ ಮಡಿಸಿದ ವೀರ. ಬೆಂಚಿನ ತುಂಬ ಜನ.

“ಹೊಗೆ ಅಂದ್ರೆ ಹೊಗೆ ಕಣ್ರಯ್ಯಾ,” ಹೋಬಾರ್ಟ್ ಕತ್ತರಿ ಎತ್ತಿದ. “ಅದರೊಳಗಿಂದ ಡೆಲ್ಮರ್ ಬಂದ. ನಮ್ ಆರ್ವಿಲ್‌ನ ಹೆಗಲ ಮೇಲೆ ಹಾಕ್ಕೊಂಡ…”

“ಹೆಗಲ ಮೇಲಲ್ಲ. ಕಾಲರ್ ಹಿಡಿದು ಎಳ್ಕೊಂಡು ಹೋದ.”

“ನೀನು ಸುಮ್ನಿರಪ್ಪ, ತಲೆ ಅಲ್ಲಾಡಿಸಿದ್ರೆ ಕಿವಿ ಹೋದೀತು.”

ಬೆಂಚು ನಕ್ಕಿತು. ಆರ್ವಿಲ್ ಜೇಬಿನಿಂದ ಅರ್ಜಿ ತೆಗೆದು ಕನ್ನಡಿಯ ಕೆಳಗಿಟ್ಟ.

“ಹೋಬಾರ್ಟ್, ಅವರಿಗೆ ಇನ್ನೊಬ್ಬ ಸಾಕ್ಷಿ ಬೇಕಂತೆ. ಒಂದು ಸಹಿ ಹಾಕ್ಬಿಡು.”

ಕತ್ತರಿ ನಿಂತಿತು. “ನಾನೆಲ್ಲಿದ್ದೆ ಮಾರಾಯ ಅಲ್ಲಿ?”

“ಹನ್ನೆರಡು ವರ್ಷದಿಂದ ಅಲ್ಲೇ ಇದ್ದೀಯಲ್ಲ.”

ಆರ್ವಿಲ್ ಬೆಂಚಿನ ಕಡೆ ತಿರುಗಿದ. ಎಲ್ಲರಿಗೂ ಒಮ್ಮೆಲೇ ಪತ್ರಿಕೆ ಓದುವ ಹುಕಿ ಬಂತು. ಒಬ್ಬನಂತೂ ತಲೆಕೆಳಗಾಗಿ ಹಿಡಿದೇ ಓದುತ್ತಿದ್ದ.

“ಸುಳ್ಳು ಸಾಕ್ಷಿ ಹೇಳಿದ್ರೆ ಜೈಲು ಕಣೋ,” ಎಂದ ಹೋಬಾರ್ಟ್, ಮೆಲ್ಲಗೆ.

“ಗೊತ್ತು. ನೀವ್ಯಾರೂ ನೋಡಿಲ್ಲ ಅನ್ನೋದನ್ನ ನಿಮ್ಮ ಬಾಯಿಂದ ಕೇಳ್ಬೇಕಾಗಿತ್ತು, ಅಷ್ಟೇ,” ಎಂದ ಆರ್ವಿಲ್. ಕೊರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿಟ್ಟು, ಕಾಗದ ಮಡಚಿಕೊಂಡು, ಅರ್ಧ ಕತ್ತರಿಸಿದ ತಲೆಯಲ್ಲೇ ಹೊರಟುಹೋದ. ಮೆರವಣಿಗೆಯ ತೆರೆದ ಕಾರಿನಲ್ಲಿ ಹಾಗೇ ಕೂತ. ಅದು ಪ್ಯಾರಾಶೂಟ್‌ನವರ ಗತ್ತು ಎಂದುಕೊಂಡು ಊರು ಚಪ್ಪಾಳೆ ತಟ್ಟಿತು.

ಮಧ್ಯಾಹ್ನದ ಹೊತ್ತಿಗೆ ಹೋಬಾರ್ಟನ ಬಾಯಿಗೆ ಮತ್ತೆ ಜೀವ ಬಂತು. ಅದೇ ಹೊಗೆ, ಅದೇ ಸೇಬಿನ ತೋಟ. ಈ ಸಲ ಆರ್ವಿಲ್ ತಾನೇ ತೆವಳಿಕೊಂಡು ಚರಂಡಿ ಸೇರಿದ. ಕಥೆಯಲ್ಲಿ ಡೆಲ್ಮರ್ ಇರಲಿಲ್ಲ.